ಪಿಯುನಲ್ಲಿ 94 ಪರ್ಸೆಂಟ್, ಆದರೂ ಸಿಇಟಿ ರ‍್ಯಾಂಕ್ ಯಾಕೆ ಹಿಂದೆ?
ನಿಮ್ಮ ಮಗಳ ಎಂಜಿನಿಯರಿಂಗ್ ರ‍್ಯಾಂಕ್ ಹಿಂದೆ ಬಿದ್ದಿರುವುದು ಬಹುಶಃ ಸಿಇಟಿ ಅಂಕದಿಂದ. ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ ಲೆಕ್ಕ. ಕನ್ನಡ, ಇಂಗ್ಲಿಷ್ ಅಂಕ ಸೇರುವುದಿಲ್ಲ. ಪಿಯುದು ಅರ್ಧ, ಸಿಇಟಿಯದು ಅರ್ಧ.

ಮೊದಲು ನೀವೇ ಲೆಕ್ಕ ಹಾಕಿ. ಪಿಯುನಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದಿದ್ದರೆ 45 ಮತ್ತು 25 ಸೇರಿ ನೂರಕ್ಕೆ 70 ಅಷ್ಟೇ. ನನ್ನ ತಮ್ಮನಿಗೂ ಹೀಗೇ ಆಗಿತ್ತು, ಬೇಜಾರು ಅರ್ಥವಾಗುತ್ತದೆ.

ಆಮೇಲೆ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ಪಿಯು ಅಂಕ ಸರಿಯಾಗಿ ದಾಖಲಾಗಿದೆಯಾ ನೋಡಿ. ಅಂಕಪಟ್ಟಿ ನೋಡದೆ ತಪ್ಪು ಅಲ್ಲೇ ಇದೆ ಅನ್ನಲಾರೆ. ಎಲ್ಲ ಸರಿಯಿದ್ದರೆ ನೀವು ಕೇಳಿದ ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಕಳೆದ ವರ್ಷದ ಕಟ್‌ಆಫನ್ನು (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ನಿಮ್ಮ ವರ್ಗದಡಿ ಹುಡುಕಿ. ಸೀಟಿಗಾಗಿ ಆಯ್ಕೆ ನಮೂದಿಸುವ ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲೇ ಹಾಕಿ. ಸಿಗಲ್ಲ ಅಂತ ಸುಮ್ನೆ ಕೆಳಗೆ ತಳ್ಳಬೇಡಿ.