ಮನೆಯಲ್ಲಿ ಚಾಟ್‌ಜಿಪಿಟಿ ಬಿಟ್ಟು ಆಫೀಸಿನಲ್ಲಿ ಎಐ ಬಳಸಿದರೆ ಬಹಿಷ್ಕಾರಕ್ಕೆ ಅರ್ಥ ಇದೆಯಾ?

ನೀವು ಚಾಟ್‌ಜಿಪಿಟಿ ಖಾತೆ ಅಳಿಸಿದ್ದೀರಿ, ಗೆಳೆಯರಿಗೂ ಬಿಡಿ ಅಂತ ಹೇಳುತ್ತಿದ್ದೀರಿ. ಆದರೆ ಆಫೀಸಿನಲ್ಲಿ ಎಐ ಬಳಸಲೇಬೇಕು ಅಂತ ಮ್ಯಾನೇಜರ್ ಪಟ್ಟು ಹಿಡಿದಿದ್ದಾರೆ. ಇದು ಆಷಾಢಭೂತಿತನ ಆಗಲ್ವಾ, ಒಬ್ಬರು ಬಿಟ್ಟರೆ ಯಾರಿಗೆ ನಷ್ಟ ಅಂತ ಕೇಳಿದ್ದೀರಿ.

ಆಷಾಢಭೂತಿತನ ಏನಿಲ್ಲ. ಮನೆಯಲ್ಲಿ ನೀವು ಗಿರಾಕಿ. ಆಫೀಸಿನಲ್ಲಿ ಗಿರಾಕಿ ನಿಮ್ಮ ಕಂಪನಿ. ಯಾವ ಟೂಲ್ ಬೇಕು ಅಂತ ಆರಿಸುವುದೂ ಅವರೇ, ದುಡ್ಡು ಕಟ್ಟುವುದೂ ಅವರೇ. ಅಲ್ಲಿ ನೀವು ಸಂಬಳಕ್ಕೆ ಕೆಲಸ ಮಾಡುವವರು. ಹಾಗಾಗಿ ಹಿಡಿಯಬೇಕಾದ ದಾರಿಯೂ ಬೇರೆ.

ಮೊದಲು ಮನೆಯ ಮಾತು. ನಮ್ಮ ದೇಶದಲ್ಲಿ ಈ ಬಹಿಷ್ಕಾರಕ್ಕೆ ಒಂದು ವಿಚಿತ್ರ ತೊಡಕಿದೆ. ಬಹಳ ಜನ ದುಡ್ಡೇ ಕೊಡುತ್ತಿಲ್ಲ! 2025ರ ಜುಲೈಯಲ್ಲಿ ಏರ್‌ಟೆಲ್ ತನ್ನ ಸುಮಾರು 36 ಕೋಟಿ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಅನ್ನುವ ಎಐ ಸೇವೆ ಒಂದು ವರ್ಷ ಪುಕ್ಕಟೆ ಅಂದಿತು. ಅಕ್ಟೋಬರ್ ಕೊನೆಯಲ್ಲಿ ಜಿಯೋ, ಗೂಗಲ್‌ನ ಎಐ ಆದ ಜೆಮಿನಿ ಪ್ರೊ 18 ತಿಂಗಳು ಪುಕ್ಕಟೆ ಅಂದಿತು. ಅದರ ಬೆಲೆ 35,100 ರೂಪಾಯಿ ಅಂತ ತಾನೇ ಹೇಳಿಕೊಂಡಿತು. ತಿಂಗಳಿಗೆ 399 ರೂಪಾಯಿ ಇದ್ದ ಚಾಟ್‌ಜಿಪಿಟಿ ಗೋ ಕೂಡ ಅದೇ ವರ್ಷದ ನವೆಂಬರ್ 4ರಿಂದ ಒಂದು ವರ್ಷಕ್ಕೆ ಪುಕ್ಕಟೆಯಾಯಿತು. ಇವರೆಲ್ಲ ಒಟ್ಟೊಟ್ಟಿಗೆ ದಾನಶೂರ ಕರ್ಣರಾದರು ಅಂದುಕೊಳ್ಳಬೇಡಿ. ಅವರಿಗೆ ಬೇಕಿರುವುದು ನಮ್ಮ ತಲೆಯೆಣಿಕೆ, ನಮ್ಮ ಅಭ್ಯಾಸ. ವಾರಕ್ಕೆ 80 ಕೋಟಿ ಜನ ಬಳಸುತ್ತಾರೆ ಅಂತ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2025ರ ಅಕ್ಟೋಬರ್‌ನಲ್ಲಿ ಹೇಳಿತ್ತು. ನೀವೊಬ್ಬರು ಸುಮ್ನೆ ಎದ್ದು ಹೋದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಂತ ಬಹಿಷ್ಕಾರ ದಂಡ ಅಂತಲ್ಲ. ಭಾಷೆ ಕಲಿಸುವ ಆ್ಯಪ್ ಡುಯೋಲಿಂಗೋ ಕಥೆ ನೋಡಿ. 2025ರ ಏಪ್ರಿಲ್‌ನಲ್ಲಿ ಅದರ ಸಿಇಒ ಲೂಯಿಸ್ ವಾನ್ ಆನ್ ಒಂದು ಪತ್ರ ಹೊರಗೆ ಬಿಟ್ಟರು. ಇನ್ನು ಮುಂದೆ ಕಂಪನಿಯಲ್ಲಿ ಎಐಗೇ ಮೊದಲ ಸ್ಥಾನ, ಎಐ ಮಾಡಬಲ್ಲ ಕೆಲಸವನ್ನು ಗುತ್ತಿಗೆಯವರಿಗೆ ಕೊಡುವುದನ್ನು ನಿಧಾನವಾಗಿ ನಿಲ್ಲಿಸುತ್ತೇವೆ ಅಂತ ಅದರಲ್ಲಿತ್ತು. ಜನ ಸಿಟ್ಟಾದರು. ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ಕಾಪಾಡಿಕೊಂಡಿದ್ದ ಸ್ಟ್ರೀಕ್ ಮುರಿದು ಆ್ಯಪ್ ಕಿತ್ತುಹಾಕಿದವರಿದ್ದಾರೆ. ಟಿಕ್‌ಟಾಕ್, ಇನ್‌ಸ್ಟಾಗ್ರಾಂಗಳಲ್ಲಿ ಬೈಗುಳ ಎಷ್ಟು ಬಂತೆಂದರೆ, ಕಂಪನಿ ಒಂದಷ್ಟು ದಿನ ತನ್ನ ಪೋಸ್ಟ್‌ಗಳನ್ನೇ ತೆಗೆದುಬಿಟ್ಟಿತು. ನಮ್ಮ ಉದ್ಯೋಗಿಗಳ ಜಾಗಕ್ಕೆ ಎಐ ಬರುವುದಿಲ್ಲ ಅಂತ ಸಿಇಒ ಮತ್ತೆ ಸಮಜಾಯಿಷಿ ಬರೆದರು. ಆ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದಿನವೂ ಬಳಸುವವರ ಬೆಳವಣಿಗೆ ಅವರೇ ಅಂದಾಜಿಸಿದ್ದರ ಕೆಳತುದಿಗೆ ಬಂದು ನಿಂತಿತು. ನನ್ನ ಎಐ ಮಾತೇ ಕಾರಣ ಅಂತ ಹೂಡಿಕೆದಾರರ ಮುಂದೆ ಅವರೇ ಒಪ್ಪಿಕೊಂಡರು.

ಆದರೆ ಆ ಕೆಳತುದಿ ಎಷ್ಟು ಗೊತ್ತೇ? ಶೇ. 40ರಷ್ಟು ಬೆಳವಣಿಗೆ! ಪೆಟ್ಟು ಬಿದ್ದದ್ದು ನಿಜ, ಆದರೆ ಮೂಳೆ ಮುರಿಯಲಿಲ್ಲ. ಅಷ್ಟಾದರೂ ಪೆಟ್ಟು ಬಿತ್ತಲ್ಲ, ಅದಕ್ಕೆ ಕಾರಣ ಜನ ಯಾವುದರ ಮೇಲೆ ಸಿಟ್ಟಾಗಿದ್ದಾರೆ ಅಂತ ಸ್ಪಷ್ಟವಾಗಿದ್ದದ್ದು.

ನೀವು ಯಾಕೆ ಬಿಟ್ಟಿರಿ ಅಂತ ಮಾತ್ರ ಬರೆದಿಲ್ಲ. ಅದು ಮುಖ್ಯ. ಚಾಟ್‌ಜಿಪಿಟಿಗಾಗಿ ಹಿಂಸೆ, ಅಶ್ಲೀಲದ ಬರಹಗಳನ್ನು ಓದಿ ವಿಂಗಡಿಸಿದ ಕೀನ್ಯಾದ ಕೆಲಸಗಾರರಿಗೆ ಗಂಟೆಗೆ 2 ಡಾಲರ್‌ಗಿಂತ ಕಡಿಮೆ ಸಿಗುತ್ತಿತ್ತು ಅಂತ ಟೈಮ್ ಪತ್ರಿಕೆ 2023ರ ಜನವರಿಯಲ್ಲಿ ಬರೆದಿತ್ತು. ನಿಮ್ಮ ಸಿಟ್ಟು ಅಂಥದ್ದರ ಮೇಲಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಿ, ಕಂಪನಿಗೂ ಬರೆಯಿರಿ. ಒಂದು ಎಐ ಬಾಟ್ ಬಿಟ್ಟು ಇನ್ನೊಂದಕ್ಕೆ ಹಾರುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ಬರೀ ಅಂಗಡಿ ಬದಲಾಯಿಸಿದ ಹಾಗೆ.

ಇನ್ನು ಆಫೀಸು. ಇಲ್ಲಿ ಒಬ್ಬರೇ ನಿಂತು ನಾನು ಮುಟ್ಟಲ್ಲ ಅಂದರೆ ಕಷ್ಟ. ಎಐ ಬಳಕೆಯನ್ನು ಅಪ್ರೈಸಲ್‌ನಲ್ಲೂ ನೋಡುತ್ತೇವೆ ಅಂತ ಆನ್‌ಲೈನ್ ಅಂಗಡಿಗಳಿಗೆ ಸಾಫ್ಟ್‌ವೇರ್ ಕೊಡುವ ಶಾಪಿಫೈ ಕಂಪನಿಯ ಸಿಇಒ 2025ರ ಏಪ್ರಿಲ್‌ನಲ್ಲೇ ಹೇಳಿದ್ದರು. ಎಐ ಟೂಲ್ ಹಾಕಿಕೊಳ್ಳದ ಕೆಲವು ಎಂಜಿನಿಯರ್‌ಗಳನ್ನು ತೆಗೆದುಹಾಕಿದೆ ಅಂತ ಕ್ರಿಪ್ಟೋ ವಹಿವಾಟಿನ ಕಂಪನಿ ಕಾಯಿನ್‌ಬೇಸ್‌ನ ಸಿಇಒ ಅದೇ ವರ್ಷ ಬಹಿರಂಗವಾಗಿ ಹೇಳಿಕೊಂಡರು. ಗೃಹಸಾಲ ಇರುವವರು ಹೀಗೆ ಹುತಾತ್ಮರಾಗಬೇಕಿಲ್ಲ.

ಒಟ್ಟಾಗಿ ಕೇಳಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಹಾಲಿವುಡ್ ಬರಹಗಾರರನ್ನು ನೋಡಿ. 2023ರ ಮೇ 2ರಿಂದ 148 ದಿನ ಮುಷ್ಕರ ಮಾಡಿದರು. ಸಂಬಳದ ಜೊತೆಗೆ ಎಐ ಬಗ್ಗೆಯೂ ಕರಾರು ಪಡೆದರು. ಆ ಕರಾರಿನ ಪ್ರಕಾರ ಸ್ಟುಡಿಯೋ ಯಾವ ಬರಹಗಾರನಿಗೂ ಎಐ ಬಳಸು ಅಂತ ಬಲವಂತ ಮಾಡುವಂತಿಲ್ಲ. ಎಐ ಬರೆದದ್ದನ್ನು ಕೈಗೆ ಕೊಟ್ಟರೆ ಅದನ್ನು ತಿಳಿಸಲೇಬೇಕು. ಕಂಪನಿ ಒಪ್ಪಿದರೆ ಬರಹಗಾರ ತಾನಾಗಿ ಬಳಸಬಹುದು. ಯಂತ್ರವನ್ನು ಸುಡಿ ಅನ್ನಲಿಲ್ಲ ಅವರು, ತೀರ್ಮಾನ ನಮ್ಮ ಕೈಯಲ್ಲೂ ಇರಲಿ ಅಂದರು. ಈ ಇಡೀ ಗಲಾಟೆಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ನಮಗೆಲ್ಲಿ ಯೂನಿಯನ್ ಅಂತೀರಾ? ಕರ್ನಾಟಕದಲ್ಲಿ ಐಟಿ ನೌಕರರಿಗೆ ಕೀಟು ಅನ್ನುವ ಸಂಘ ಇದೆ. 2025ರಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ತೆಗೆಯುತ್ತೇನೆ ಅಂದಾಗ ಕಾರ್ಮಿಕ ಇಲಾಖೆಗೆ ದೂರು ಕೊಟ್ಟವರು ಇವರೇ. ಸಂಘ ಅಂದರೆ ಮೂಗು ಮುರಿಯುವ ಐಟಿಯವರೇ ಜಾಸ್ತಿ, ಅದು ಬೇರೆ ಮಾತು.

ಸಂಘ ಸೇರದೆಯೂ ಸ್ವಲ್ಪ ಮಾಡಬಹುದು. ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬಳಕೆದಾರರ ಕೈಪಿಡಿ ಬರೆಯುವವನು. ಯಾರು ಎಷ್ಟು ಸಲ ಎಐ ಕೇಳಿದರು ಅಂತ ಎಣಿಸುವ ಡ್ಯಾಶ್‌ಬೋರ್ಡ್ ನಮ್ಮಲ್ಲೂ ಬಂತು. ನಮ್ಮ ಟೀಮಿನವರೆಲ್ಲ ಸೇರಿ ಒಂದೇ ಮೇಲ್ ಕಳಿಸಿದೆವು. ಗ್ರಾಹಕರ ಮಾಹಿತಿಯನ್ನು ಬಾಟ್‌ಗೆ ಹಾಕುವುದಿಲ್ಲ ಅಂದೆವು. ಇದನ್ನು ತಕ್ಷಣ ಒಪ್ಪಿದರು, ಯಾಕಂದ್ರೆ ಆ ಭಯ ಅವರಿಗೇ ಹೆಚ್ಚು. ನಮ್ಮ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬೇಡ ಅಂತ ಸುತ್ತೋಲೆ ಕಳಿಸಿತ್ತಲ್ಲ. ಬಾಟ್ ಬರೆದದ್ದನ್ನು ಪರಿಶೀಲಿಸುವ ಸಮಯವನ್ನೂ ಕೆಲಸದ ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳಿದೆವು. ಸ್ವಲ್ಪ ಎಳೆದಾಡಿ ಅದನ್ನೂ ಒಪ್ಪಿದರು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಡಿಸೆಂಬರ್ ಆದೇಶವೊಂದರಲ್ಲಿ, ಎಐ ಕಟ್ಟಿದ್ದೆನ್ನಲಾದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಹೆಸರು ಬಂದು, ಆ ಆದೇಶವನ್ನೇ ವಾಪಸ್ ಪಡೆದದ್ದನ್ನು ಮೇಲ್‌ನಲ್ಲಿ ನೆನಪಿಸಿದ್ದು ಕೆಲಸಕ್ಕೆ ಬಂತು. ಎಣಿಕೆಯನ್ನು ಅಪ್ರೈಸಲ್‌ಗೆ ಸೇರಿಸಬೇಡಿ ಅಂದದ್ದಕ್ಕೆ ಮಾತ್ರ ಇನ್ನೂ ಉತ್ತರವಿಲ್ಲ. ಅಲ್ಲಿಯವರೆಗೆ ಅರ್ಧ ಜನ ನಂಬರ್ ಏರಲಿ ಅಂತ ಬೇಡದ್ದನ್ನೆಲ್ಲ ಕೇಳುತ್ತಾ ಕೂರುತ್ತಾರೆ.

ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡುವಾಗ "ನಾನು ಎಐ ವಿರೋಧಿ" ಅಂತ ಶುರು ಮಾಡಬೇಡಿ. ಎಐ ಬರೆದದ್ದು ತಪ್ಪಾದರೆ ಹೊಣೆ ಯಾರದ್ದು ಅಂತ ಕೇಳಿ. ಸಾಧ್ಯವಾದರೆ ಮೇಲ್‌ನಲ್ಲೇ ಕೇಳಿ.

ಇನ್ನೊಂದು, ನಿಮ್ಮ ಗೆಳೆಯರಿಗೂ ಹೇಳಿ. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪುಕ್ಕಟೆ ಪ್ಲಾನ್‌ಗೆ ಕಾರ್ಡ್ ಅಥವಾ ಯುಪಿಐ ಕೊಟ್ಟಿದ್ದರೆ, ಗೂಗಲ್ ಪೇ ಅಥವಾ ಫೋನ್‌ಪೇಯಲ್ಲಿ ಆಟೋಪೇ ಪಟ್ಟಿ ತೆರೆದು ಅಲ್ಲೂ ರದ್ದು ಮಾಡಬೇಕು. ಇಲ್ಲದಿದ್ದರೆ ಪುಕ್ಕಟೆ ವರ್ಷ ಮುಗಿದ ಮೇಲೆ ಬಹಿಷ್ಕಾರ ಹಾಕಿದವರ ಖಾತೆಯಿಂದಲೇ ತಿಂಗಳು ತಿಂಗಳು ದುಡ್ಡು ಹೋಗಬಹುದು.