ಎಸ್‌ಟಿಪಿ ನೀರು ಬೇಡ ಅನ್ನುವವರ ಮನಸ್ಸನ್ನು ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು. ಪುಣೆ ಪಕ್ಕದ ವಾಕಡದ ಹೌಸಿಂಗ್ ಸೊಸೈಟಿಯೊಂದರಲ್ಲಿ ಕಾಲೇಜು ಪ್ರಾಜೆಕ್ಟಿಗಾಗಿ ಸರ್ವೇ ಮಾಡುತ್ತಿದ್ದೀರಿ. ಎಸ್‌ಟಿಪಿ ನೀರನ್ನು, ಅಂದರೆ ಕೊಳಚೆ ನೀರನ್ನು ಮೆಷಿನ್‌ನಲ್ಲಿ ಶುದ್ಧ ಮಾಡಿದ್ದನ್ನು, ಜನ ಒಪ್ಪುವುದರಲ್ಲಿ ಅವರ ಭಾವನೆಯ ಪಾಲೆಷ್ಟು, ‘ಏನಾಗುತ್ತೋ ಗೊತ್ತಿಲ್ಲ’ ಅನ್ನುವ ಅಳುಕಿನ ಪಾಲೆಷ್ಟು ಅಂತ ಅಳೆಯಬೇಕು. ‘ಒಪ್ಪುತ್ತೀರಾ, ಇಲ್ಲವಾ’ ಅಂತ ಕೇಳಿದರೆ ಸಾಕಾ? ಬೇಸಿಗೆಯಲ್ಲಿ ಕೇಳಬೇಕಾ, ಮಳೆಗಾಲದಲ್ಲಾ?

ಬರೀ ಅಷ್ಟು ಕೇಳಿದರೆ ಸಾಲದು. ನಾನು ಧಾರವಾಡದ ಕಡೆಯವನು, ಪುಣೆಯಲ್ಲಿ ಮನೆ ಮನೆ ಸರ್ವೇ ಮಾಡಿಸುವುದೇ ನನ್ನ ಕೆಲಸ. ನಿಮ್ಮ ವಾಕಡವೂ ಸೇರಿದ ಪಿಂಪ್ರಿ ಚಿಂಚವಡದಲ್ಲಿ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನ ನೀರು, ಹಾಗಾಗಿ ಎಸ್‌ಟಿಪಿ ಜಗಳ ನಮ್ಮ ಸೊಸೈಟಿಯಲ್ಲೂ ಇದೆ. ಅಲ್ಲಿ ಕೇಳಿದ್ದರ ಮೇಲೆ ಹೇಳುತ್ತೇನೆ: ಒಬ್ಬರ ‘ಬೇಡ’ಕ್ಕೂ ಇನ್ನೊಬ್ಬರ ‘ಬೇಡ’ಕ್ಕೂ ಕಾರಣ ಬೇರೆ. ಒಬ್ಬರಿಗೆ ಹೇಸಿಗೆ. ಒಬ್ಬರಿಗೆ ಕಾಯಿಲೆಯ ಭಯ. ಇನ್ನೊಬ್ಬರಿಗೆ ಆ ಮೆಷಿನ್ ಯಾರು ನಡೆಸುತ್ತಾರೆ, ರಾತ್ರಿ ಬಂದ್ ಮಾಡುತ್ತಾರಾ ಅನ್ನುವ ಅನುಮಾನ. ಮೂರಕ್ಕೂ ಒಂದೇ ಟಿಕ್ ಮಾರ್ಕ್ ಹಾಕಿಸಿಕೊಂಡರೆ ನಿಮ್ಮ ಕೈಗೆ ಏನೂ ಸಿಗಲ್ಲ.

ಹೇಸಿಗೆಯಿಂದ ಶುರು ಮಾಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಜೊತೆಗಾರರು 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸತ್ತ ಜಿರಳೆಯನ್ನು ಒಂದೂ ಕ್ರಿಮಿ ಇಲ್ಲದಂತೆ ಶುದ್ಧ ಮಾಡಿ ಜ್ಯೂಸಿನಲ್ಲಿ ಅದ್ದಿ ತೆಗೆದರು. ಅಪಾಯ ಇಲ್ಲ ಅಂತ ಗೊತ್ತಿದ್ದರೂ ಜನಕ್ಕೆ ಆ ಜ್ಯೂಸ್ ಬೇಡವಾಯಿತು. ಒಮ್ಮೆ ಮುಟ್ಟಿದ್ದು ಮುಟ್ಟಿದ್ದೇ. ಮಡಿ ಮೈಲಿಗೆ ನೋಡಿ ಬೆಳೆದ ನಮಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಿರಲಿಲ್ಲ ಬಿಡಿ. ಅವರೇ 2015ರಲ್ಲಿ ಮರುಬಳಕೆ ನೀರಿನ ಬಗ್ಗೆ ಅಮೆರಿಕದ ವಯಸ್ಕರನ್ನು ಕೇಳಿದಾಗ 13% ಜನ ಖಡಾಖಂಡಿತ ಬೇಡ ಅಂದರು, 49% ಕುಡಿದು ನೋಡಲು ತಯಾರಿದ್ದರು, 38% ಜನ ಹೌದು ಇಲ್ಲಗಳ ನಡುವೆ ಇದ್ದರು. ಅದೇ ನೀರು ನೆಲದೊಳಗೆ ಇಂಗಿ ವರ್ಷಗಟ್ಟಲೆ ಇದ್ದು ಬಂದರೆ, ಅಥವಾ ನದಿಯಲ್ಲಿ ದೂರ ಹರಿದು ಬಂದರೆ ಒಪ್ಪುವವರು ಹೆಚ್ಚಾಗುತ್ತಾರೆ ಅಂತಲೂ ಕಂಡರು. ಫಿಲ್ಟರ್ ಮಾಡದ ಕೆಲಸವನ್ನು ನದಿ ಮಾಡುತ್ತದೆ, ನೋಡಿ.

ಹಾಗಾದರೆ ಹೇಸಿಗೆಯನ್ನು ಭಯದಿಂದ ಬಿಡಿಸಿ ನೋಡುವುದು ಹೇಗೆ? ಬಳಕೆಯ ಏಣಿ ಕೊಡಿ: ತೋಟ, ಫ್ಲಶ್, ಕಾರು ತೊಳೆಯುವುದು, ನೆಲ ಒರೆಸುವುದು, ಬಟ್ಟೆ, ಸ್ನಾನ, ಅಡುಗೆ, ಕುಡಿಯುವುದು. ಮೈಗೆ ಹತ್ತಿರ ಬಂದಷ್ಟೂ ಒಪ್ಪಿಗೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಿಂದಲೇ ಇದು ಕಂಡಿದೆ. ಆದರೆ ಆ ಪಟ್ಟಿಯಲ್ಲಿ ಇಲ್ಲದ ಎರಡು ಮೆಟ್ಟಿಲು ನೀವು ಸೇರಿಸಲೇಬೇಕು: ಬಾಗಿಲ ಮುಂದಿನ ತುಳಸಿ ಗಿಡ ಮತ್ತು ದೇವರ ಪೂಜೆ. ನಮ್ಮಲ್ಲಿ ಕೆಳಗಿನ ಗಾರ್ಡನ್ನಿಗೆ ಧಾರಾಳವಾಗಿ ಹಾಕಿ ಅಂದ ಅಜ್ಜಿಯೊಬ್ಬರು ತುಳಸಿ ಕುಂಡದ ಮಾತು ಬಂದ ಕೂಡಲೇ ‘ಏ, ಬ್ಯಾಡಪ್ಪಾ’ ಅಂತ ಕೈ ಅಡ್ಡ ಹಿಡಿದರು. ಎರಡೂ ಗಿಡಗಳೇ. ತುಳಸಿ ಎಲೆಯನ್ನು ತಿನ್ನದ ಮನೆಯಲ್ಲಿ ಇದಕ್ಕೆ ಕಾಯಿಲೆಯ ಲೆಕ್ಕ ಅಷ್ಟಾಗಿ ಬರುವುದಿಲ್ಲ. ಗಾರ್ಡನ್ನಿಗೆ ಹೂಂ, ತುಳಸಿಗೆ ಊಹೂಂ ಅನ್ನುವ ಅಂತರ ಇದೆಯಲ್ಲ, ಅದೇ ಹೇಸಿಗೆಯ ಅಳತೆ. ನೇರವಾಗಿ ‘ನಿಮಗೆ ಅಸಹ್ಯ ಆಗುತ್ತಾ’ ಅಂತ ಕೇಳಿದರೆ ಓದಿದವರು ನಾಚಿಕೊಂಡು ಇಲ್ಲ ಅನ್ನುತ್ತಾರೆ.

ಎರಡನೆಯದು ಅಳುಕು, ಜನ ಎಡವುವುದು ಇಲ್ಲೇ. ಅಪಾಯ ಎಷ್ಟು ಅಂತ ಗೊತ್ತಿರುವುದು ಬೇರೆ, ಎಷ್ಟು ಅಂತಲೇ ಗೊತ್ತಿಲ್ಲದಿರುವುದು ಬೇರೆ. ಇದನ್ನು 1961ರಲ್ಲಿ ಚೆನ್ನಾಗಿ ತೋರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಎಲ್ಸ್‌ಬರ್ಗ್. ಅವರ ಉದಾಹರಣೆಯನ್ನೇ ಒಂದು ಆಟವಾಗಿ ಮನೆ ಬಾಗಿಲಲ್ಲೇ ಮಾಡಬಹುದು. ಎರಡು ಬಟ್ಟೆ ಚೀಲ, ಕೆಂಪು ಮತ್ತು ಕಪ್ಪು ಗೋಲಿ. ಮೊದಲ ಚೀಲದಲ್ಲಿ ಐದು ಕೆಂಪು, ಐದು ಕಪ್ಪು, ಎದುರಿಗೇ ಎಣಿಸಿ ಹಾಕಿ. ಎರಡನೆಯದರಲ್ಲೂ ಹತ್ತು, ಆದರೆ ಯಾವ ಬಣ್ಣ ಎಷ್ಟು ಅಂತ ಹೇಳಬೇಡಿ. ಗೆಲ್ಲುವ ಬಣ್ಣ ಬಂದರೆ ಒಂದು ಬಾಕರವಡಿ ಪ್ಯಾಕೆಟ್. ಯಾವ ಚೀಲಕ್ಕೆ ಕೈ ಹಾಕುತ್ತೀರಿ?

ಹೆಚ್ಚಿನವರು ಎಣಿಸಿದ ಚೀಲಕ್ಕೇ ಹೋಗುತ್ತಾರೆ. ಈಗ ಅದರಲ್ಲಿ ಗೆಲ್ಲುವ ಬಣ್ಣದ ಒಂದು ಗೋಲಿ ತೆಗೆದು ಇನ್ನೊಂದು ಬಣ್ಣದ್ದು ಹಾಕಿ. ನಾಲ್ಕಕ್ಕೆ ಇಳಿಯಿತು. ಇನ್ನೂ ಅದೇ ಚೀಲವಾ? ಮೂರು? ಎರಡು? ಯಾವಾಗ ಅವರು ಗೊತ್ತಿಲ್ಲದ ಚೀಲಕ್ಕೆ ಹಾರುತ್ತಾರೋ ಅಲ್ಲಿ ನಿಲ್ಲಿಸಿ ಬರೆದುಕೊಳ್ಳಿ. ನಾಲ್ಕಕ್ಕೇ ಹಾರಿದವರಿಗೆ ಅಳುಕು ಅಷ್ಟಿಲ್ಲ. ಎರಡಕ್ಕೆ ಬಂದರೂ ಎಣಿಸಿದ ಚೀಲವನ್ನೇ ಹಿಡಿದು ಕೂತವರಿಗೆ ಅಳುಕು ಜಾಸ್ತಿ. ಒಂದು ಎಚ್ಚರ ಮುಖ್ಯ: ಗೆಲ್ಲುವ ಬಣ್ಣವನ್ನು ಅವರೇ ಆರಿಸಲಿ. ನೀವು ಆರಿಸಿದರೆ ‘ಈ ಹುಡುಗ ಚೀಲದಲ್ಲಿ ಏನೋ ಮಾಡಿಟ್ಟಿದ್ದಾನೆ’ ಅನ್ನಿಸುತ್ತದೆ, ಆಗ ನೀವು ಅಳೆಯುವುದು ನಿಮ್ಮ ಮೇಲಿನ ಅಪನಂಬಿಕೆಯನ್ನು. ಪ್ಯಾಕೆಟ್ ನಿಜವಾಗಿಯೂ ಕೊಡಿ, ಸುಮ್ನೆ ಕಲ್ಪನೆ ಮಾಡಿಕೊಳ್ಳಿ ಅಂದರೆ ಯಾರೂ ಮನಸ್ಸಿಟ್ಟು ಆಡಲ್ಲ. ಗೊತ್ತಿರುವ ಅಪಾಯದ ಬಗೆಗಿನ ಧೋರಣೆಯನ್ನು ಅಳೆಯಲು ಹೋಲ್ಟ್ ಮತ್ತು ಲೌರಿ ಅನ್ನುವ ಸಂಶೋಧಕರ 2002ರ ಹತ್ತು ಸಾಲಿನ ಪಟ್ಟಿ ಪ್ರಸಿದ್ಧ, ಪ್ರತಿ ಸಾಲಿನಲ್ಲೂ ಎರಡು ಲಾಟರಿಗಳಲ್ಲಿ ಒಂದನ್ನು ಆರಿಸಬೇಕು. ಆದರೆ ಕುಕ್ಕರ್ ಸೀಟಿ ಹೊಡೆಯುವಾಗ ಬಾಗಿಲಲ್ಲಿ ನಿಂತು ಹತ್ತು ಸಾಲು ಯಾರು ಓದುತ್ತಾರೆ? ಚಿಕ್ಕದು ಮಾಡಿ.

ಗೋಲಿ ಆಟವೊಂದನ್ನೇ ನಂಬಿ ಕೂರಬೇಡಿ. ತಮಗೆ ತಿಳಿದ ವಿಷಯದಲ್ಲಿ ಜನ ಅಳುಕುವುದು ಕಡಿಮೆ ಅಂತ ಮನಶ್ಶಾಸ್ತ್ರಜ್ಞರಾದ ಹೀತ್ ಮತ್ತು ಟ್ವರ್ಸ್ಕಿ 1991ರಲ್ಲಿ ತೋರಿಸಿದ್ದಾರೆ. ಚೀಲದ ಮುಂದೆ ಹೆದರುವ ಪ್ಲಂಬರ್ ನೀರಿನ ಮುಂದೆ ಧೈರ್ಯವಂತ. ಇನ್ನೊಂದು ವ್ಯತ್ಯಾಸ, ಚೀಲದಲ್ಲಿರುವುದು ಲಾಭ, ನೀರಿನಲ್ಲಿರುವುದು ನಷ್ಟ. ಅದಕ್ಕೇ ನೀರಿನದ್ದೇ ಒಂದು ಪ್ರಶ್ನೆ ಇಡಿ: ಒಂದು ಟ್ಯಾಂಕಿನ ನೀರನ್ನು ನೂರು ಸಲ ಟೆಸ್ಟ್ ಮಾಡಿದಾಗ ಎರಡು ಸಲ ಫೇಲ್ ಆಗಿದೆ, ಇನ್ನೊಂದರದ್ದು ಟೆಸ್ಟೇ ಆಗಿಲ್ಲ, ನೆಲ ಒರೆಸಲು ಯಾವುದು? ಫೇಲ್ ಆದ ಸಂಖ್ಯೆಯನ್ನು ಎರಡರಿಂದ ಐದು, ಹತ್ತು, ಇಪ್ಪತ್ತು ಅಂತ ಏರಿಸುತ್ತಾ ಹೋಗಿ.

ಭಾವನೆಗೆ ಉದ್ದದ ಪಟ್ಟಿ ಬೇಡ. ಹೇಸಿಗೆ, ಭಯ, ಸಿಟ್ಟು, ನೆಮ್ಮದಿ, ಹೆಮ್ಮೆ, ಒಂದೊಂದಕ್ಕೂ ಸೊನ್ನೆಯಿಂದ ಹತ್ತು. ಸಿಟ್ಟನ್ನು ಮಾತ್ರ ಬಿಡಬೇಡಿ. ಮನಶ್ಶಾಸ್ತ್ರಜ್ಞರಾದ ಲರ್ನರ್ ಮತ್ತು ಕೆಲ್ಟ್ನರ್ 2001ರಲ್ಲಿ ಕಂಡಂತೆ ಭಯ ಇರುವವರಿಗೆ ಅಪಾಯ ದೊಡ್ಡದಾಗಿ ಕಾಣುತ್ತದೆ, ಸಿಟ್ಟು ಇರುವವರಿಗೆ ಚಿಕ್ಕದಾಗಿ. ಅಂದರೆ ಸಿಟ್ಟಿನವರು ನೀರಿಗೆ ಹೂಂ ಅನ್ನಬೇಕಿತ್ತು, ಅಲ್ವಾ? ನಮ್ಮಲ್ಲಿ ಉಲ್ಟಾ. ಅರೆಬರೆ ನಡೆಯುವ ಎಸ್‌ಟಿಪಿ ಒಪ್ಪಿಸಿ ಹೋದ ಬಿಲ್ಡರ್ ಮೇಲಿನ ಸಿಟ್ಟು ನೀರಿನ ಮೇಲೆ ತಿರುಗುತ್ತದೆ. ಬಿಳಿ ಕಮೋಡಿನಲ್ಲಿ ತೆಳು ಹಳದಿ ನೀರು ನಿಂತಿದ್ದು ಕಂಡರೆ ಮುಗಿಯಿತು. ಕೆಳಗೆ ನೋಟಿಸ್ ಬೋರ್ಡಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದಂಥವುಗಳ ಅಳತೆ) ಎಷ್ಟು ಅಂತ ಅಂಟಿಸಿದ್ದನ್ನು ಯಾರೂ ಓದಲ್ಲ. ಹಾಗಾಗಿ ಸಿಟ್ಟು ಯಾರ ಮೇಲೆ ಅಂತಲೂ ಕೇಳಿ. ಬಿಲ್ಡರ್ ಮೇಲಿನ ಸಿಟ್ಟಿಗೆ ನೀರಿನ ರಿಪೋರ್ಟ್ ಮದ್ದಲ್ಲ, ಮೆಷಿನ್ ನೋಡಿಕೊಳ್ಳಲು ಒಬ್ಬ ನೆಟ್ಟಗಿನ ಆಪರೇಟರ್ ಬೇಕು.

ಅಳುಕನ್ನು ಬೇಕಂತಲೇ ಬೆಳೆಸಲೂಬಹುದು. ಆಸ್ಟ್ರೇಲಿಯಾದ ಟೂವೂಂಬಾದಲ್ಲಿ 2006ರಲ್ಲಿ ಮರುಬಳಕೆ ನೀರಿನ ಮೇಲೆ ಮತ ಹಾಕಿಸಿದಾಗ, ವಿರೋಧಿಗಳ ಜೋರು ಪ್ರಚಾರದ ನಡುವೆ, ಸುಮಾರು 62% ಜನ ಬೇಡ ಅಂದರು. ಅದೂ ಬರಗಾಲದಲ್ಲಿ. ಇತ್ತ ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಅಂಥ ನೀರನ್ನು ಕುಡಿಯುವ ನೀರಿಗೆ ಸೇರಿಸುತ್ತಿದೆ.

ಯಾರನ್ನು ಕೇಳಬೇಕು ಅನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾರ್ಷಿಕ ಸಭೆಯಲ್ಲಿ ಕೈ ಎತ್ತಿಸಿ ಎಣಿಸಬೇಡಿ. ಅಲ್ಲಿ ಬರುವವರು ಬಹುಪಾಲು ಗಂಡಸರು, ನೆಲ ಒರೆಸುವವರಲ್ಲ. ಆ ನೀರಿನಲ್ಲಿ ದಿನಾ ಕೈ ಅದ್ದಬೇಕಾದವರು ಮನೆಗೆಲಸದ ಮಾವಶಿಯರು, ಅವರನ್ನು ಯಾವ ಸೊಸೈಟಿ ಕೇಳಿದೆ? ಕೇಳಿ, ಸೆಕ್ರೆಟರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳದೆ. ಅಫಜಲಪುರ, ಇಂಡಿ ಕಡೆಯಿಂದ ಬಂದವರಿದ್ದರೆ ಕನ್ನಡದಲ್ಲೇ ಕೇಳಿ, ಉತ್ತರ ಉದ್ದ ಬರುತ್ತದೆ.

ಇನ್ನು ಸಮಯ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆ ನರಗಳನ್ನು ಬಾಧಿಸುವ ಗಿಯಾನ್ ಬಾರೆ ಕಾಯಿಲೆ ಹರಡಿ, ನೀರಿನ ಮೇಲೆ ಅನುಮಾನ ಬಿದ್ದಾಗ ಪುಣೆಯಲ್ಲಿ ಕಾರ್ಪೊರೇಷನ್ ನಲ್ಲಿಯ ನೀರನ್ನೂ ಕುದಿಸದೆ ಕುಡಿಯಲು ಹೆದರಿದವರಿದ್ದರು. ಅಂಥ ವಾರದಲ್ಲಿ ಸರ್ವೇ ಮಾಡಿದರೆ ಸಿಗುವುದು ಆ ವಾರದ ಭಯ. ಮೇ ತಿಂಗಳಲ್ಲಿ ಟ್ಯಾಂಕರ್ ಬಿಲ್ ನೋಡಿಕೊಂಡು ಎಲ್ಲರೂ ಉದಾರಿಗಳಾಗುತ್ತಾರೆ. ಸಾಧ್ಯವಿದ್ದರೆ ಅದೇ ಮನೆಗಳನ್ನು ಮೇನಲ್ಲಿ ಒಮ್ಮೆ, ನಿಮ್ಮ ಕಡೆಗೆ ನೀರು ಕೊಡುವ ಪವನಾ ಅಣೆಕಟ್ಟು ತುಂಬಿದ ಮೇಲೆ ಇನ್ನೊಮ್ಮೆ ಕೇಳಿ. ಒಂದೇ ಸಲ ಅಂದರೆ ಆಗಸ್ಟ್ ಕೊನೆಗೆ ಇಟ್ಟುಕೊಳ್ಳಿ. ನೀರು ತುಂಬಿರುವಾಗಲೂ ಹೂಂ ಅಂದವರ ಹೂಂ ಗಟ್ಟಿ. ಅಂದಹಾಗೆ, ಲೋಟದಲ್ಲಿ ಎಸ್‌ಟಿಪಿ ನೀರು ಹಿಡಿದು ‘ಕುಡಿಯುತ್ತೀರಾ’ ಅಂತ ಪರೀಕ್ಷೆ ಮಾಡುವ ಹುಚ್ಚು ಬೇಡ. ಸೊಸೈಟಿಯ ಎಸ್‌ಟಿಪಿ ನೀರು ಫ್ಲಶ್ ಮತ್ತು ಗಿಡಕ್ಕಾಗಿ ಮಾಡಿದ್ದು, ಕುಡಿಯಲು ಅಲ್ಲವೇ ಅಲ್ಲ. ನಡೆದುಕೊಳ್ಳುವುದನ್ನೇ ನೋಡಬೇಕು ಅಂದರೆ ಕಾರು ತೊಳೆಯಲು ಆ ನೀರು ಬೇಕಾದವರು ಹೆಸರು ಬರೆಸಿ ಅಂತ ಗೇಟಿನ ಹತ್ತಿರ ಒಂದು ಪುಸ್ತಕ ಇಡಿ.