ಸಣ್ಣ ರಿವಾಲ್ವರ್: ಸೊಂಟಕ್ಕೋ, ಸಂಗ್ರಹಕ್ಕೋ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಊರಿನ ಹೆಸರು ಮಾತ್ರ ಬದಲಾಗಿ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಹಳೆಯ ಮಾದರಿಯ ಚಿಕ್ಕ ರಿವಾಲ್ವರ್ ಕುರಿತ ಪ್ರಶ್ನೆಗಳು ಅವುಗಳಲ್ಲಿ ಹೆಚ್ಚು. ತಪ್ಪು ಉತ್ತರಗಳು ಎಲ್ಲೆಡೆ ಧಾರಾಳವಾಗಿ ಸಿಗುತ್ತಿರುವುದರಿಂದ ಈ ಬಾರಿ ಅವುಗಳಿಗಷ್ಟೇ ಉತ್ತರಿಸುತ್ತಿದ್ದೇನೆ. ಪರವಾನಗಿಗೆ ಅರ್ಜಿ ಹಾಕುವ ಬಗೆಯನ್ನಾಗಲಿ, ತುಂಬಿದ ಆಯುಧವನ್ನು ಹಿಡಿಯುವ ಬಗೆಯನ್ನಾಗಲಿ ಇಲ್ಲಿ ವಿವರಿಸುವುದಿಲ್ಲ. ಅವು ತಿಳಿಯದವರು ಮೊದಲು ತರಬೇತಿ ಮುಗಿಸಿ, ಆಮೇಲೆ ಯಾವ ರಿವಾಲ್ವರ್ ಎಂದು ಕೇಳಬೇಕು.

ನಮ್ಮ ತಾತನವರು ಬಿಟ್ಟುಹೋದ, .32 ಅಳತೆಯ, ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ರಿವಾಲ್ವರ್ ಮನೆಯಲ್ಲಿದೆ. ನಳಿಕೆಯನ್ನು ಕೆಳಕ್ಕೆ ಬಾಗಿಸಿ ತೆರೆಯುವಂಥದ್ದು, ಐದು ಗುಂಡಿನದು, ಹೊರಗೆ ಹ್ಯಾಮರ್ (ತೋಟಾಕ್ಕೆ ಪೆಟ್ಟು ಕೊಡುವ ಸುತ್ತಿಗೆ) ಕಾಣುವುದಿಲ್ಲ. ಕಾಫಿ ಮಾರಿದ ಹಣ ತರುವಾಗ ಜೊತೆಗಿಟ್ಟುಕೊಳ್ಳಲು ಇದು ಸಾಕೇ? ಈಗ ಸಿಗುವ .32 ತೋಟಾ ಇದರೊಳಗೆ ಪೂರ್ತಿ ಇಳಿಯುತ್ತಿಲ್ಲ, ಸ್ವಲ್ಪ ಕೊರೆಸಿದರೆ ಸರಿಹೋಗುತ್ತದೆ ಎಂದು ಪರಿಚಯದ ಲೇತ್ ಕೆಲಸದವರು ಹೇಳುತ್ತಾರೆ. — ಸಕಲೇಶಪುರದ ಓದುಗರು

ಕೊರೆಸಬೇಡಿ. ಉಳಿದೆಲ್ಲ ಮಾತಿಗಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ.

ನೀವು ವಿವರಿಸಿರುವುದು ಬಹುಮಟ್ಟಿಗೆ ಆ ಕಂಪನಿಯ 'ಸೇಫ್ಟಿ ಹ್ಯಾಮರ್‌ಲೆಸ್' ಮಾದರಿ. ಹಿಡಿಯ ಹಿಂಬದಿಯಲ್ಲಿ, ಅಂಗೈ ತಾಗುವ ಕಡೆ, ಒತ್ತಿದರೆ ಒಳಗೆ ಹೋಗುವ ಉದ್ದನೆಯ ಪಟ್ಟಿ ಇದೆಯೇ ನೋಡಿ. ಇದ್ದರೆ ಅದೇ. .32ರಲ್ಲಿ ಈ ಮಾದರಿ 1888ರಿಂದ 1937ರವರೆಗೆ ತಯಾರಾಯಿತು. ಅದು 1878ರಲ್ಲಿ ಬಂದ '.32 ಸ್ಮಿತ್ ಅಂಡ್ ವೆಸನ್' ಎಂಬ ಗಿಡ್ಡ ತೋಟಾಕ್ಕಾಗಿ ಮಾಡಿದ್ದು. ಆ ತೋಟಾದ ಹಿತ್ತಾಳೆ ಕವಚ ಸುಮಾರು 15 ಮಿಲಿಮೀಟರ್ ಉದ್ದ. ಈಗ ನಮ್ಮ ಅಂಗಡಿಗಳಲ್ಲಿ ರಿವಾಲ್ವರಿಗೆಂದು ಸಿಗುವುದು 1896ರಲ್ಲಿ ಬಂದ '.32 ಸ್ಮಿತ್ ಅಂಡ್ ವೆಸನ್ ಲಾಂಗ್'. ಅದರ ಕವಚ ಸುಮಾರು 23 ಮಿಲಿಮೀಟರ್. ಉದ್ದನೆಯ ತೋಟಾ ಒಳಗೆ ಇಳಿಯದಂತೆ ತಡೆಯುತ್ತಿರುವುದು ತೋಟಾಗಳನ್ನು ಹಿಡಿದು ತಿರುಗುವ ಸಿಲಿಂಡರಿನೊಳಗಿನ ಒಂದು ಸಣ್ಣ ಮೆಟ್ಟಿಲು, ಅದನ್ನು ಬೇಕೆಂದೇ ಇಟ್ಟಿದ್ದಾರೆ. ನಿಮ್ಮ ಲೇತ್ ಕೆಲಸದವರು ಕೊರೆದು ತೆಗೆಯುತ್ತೇನೆ ಎನ್ನುತ್ತಿರುವುದು ಅದನ್ನೇ. ಆ ಸಿಲಿಂಡರಿನ ಗೋಡೆ ತೆಳು, ಉಕ್ಕು ಒತ್ತಡ ಕಡಿಮೆಯಿದ್ದ ಕಪ್ಪು ಮದ್ದಿನ ಕಾಲದ್ದಾಗಿರಬಹುದು, ನಳಿಕೆಯನ್ನು ಬಿಗಿದಿಡುವ ಮೇಲಿನ ಕೊಂಡಿ ನೂರು ವರ್ಷ ಸವೆದಿರಬಹುದು. ಒಡೆದರೆ ಅದು ಒಡೆಯುವುದು ನಿಮ್ಮ ಮುಖದ ಮುಂದೆ. ಅದಲ್ಲದೆ, ಪರವಾನಗಿಯಿಲ್ಲದ ಲೇತ್ ಅಂಗಡಿಯಲ್ಲಿ ಬಂದೂಕನ್ನು ಹೀಗೆ ಮಾರ್ಪಡಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಇದರ ಜೊತೆಗೇ ಇನ್ನೊಂದು ತಪ್ಪು ತಿಳಿವಳಿಕೆ ಹರಡಿದೆ: 'ಎರಡೂ .32 ತಾನೆ, ಪಿಸ್ತೂಲಿನ ತೋಟಾವನ್ನೇ ಹಾಕಿದರಾಯಿತು.' ಪಿಸ್ತೂಲಿನ .32 ತೋಟಾ ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ್ದು, 7.65 ಮಿಲಿಮೀಟರ್ ಎಂದೂ ಕರೆಯುವ ಬೇರೆಯೇ ತೋಟಾ. ಅದರ ಅಂಚು ತುಸು ಹೊರಚಾಚಿರುವುದರಿಂದ .32 ಲಾಂಗ್ ರಿವಾಲ್ವರಿನಲ್ಲಿ ಎಷ್ಟೋ ಸಲ ಕುಳಿತುಬಿಡುತ್ತದೆ, ಹಾರುತ್ತದೆ ಕೂಡ. ಅದರ ಒತ್ತಡ ಮಾತ್ರ ರಿವಾಲ್ವರಿನ ತೋಟಾಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಕೂರುವ ತೋಟಾವೆಲ್ಲ ಹಾರಿಸತಕ್ಕ ತೋಟಾ ಅಲ್ಲ. ನಳಿಕೆಯ ಮೇಲೆ ಏನು ಕೆತ್ತಿದೆಯೋ, ತೋಟಾ ಪೆಟ್ಟಿಗೆಯ ಮೇಲೂ ಅಕ್ಷರಕ್ಕಕ್ಷರ ಅದೇ ಇರಬೇಕು. ವ್ಯಾಪಾರಿ ಬೇರೆ ಹೇಳಿದರೆ ಅಂಗಡಿ ಬದಲಿಸಿ.

ಇನ್ನು ನೀವು ಕೇಳದೆ ಬಿಟ್ಟ, ಆದರೆ ಮೊದಲು ಕೇಳಬೇಕಾಗಿದ್ದ ವಿಷಯ: ಆ ರಿವಾಲ್ವರ್ ಈಗ ಯಾರ ಹೆಸರಿನಲ್ಲಿದೆ? ತಾತನವರು ತೀರಿಕೊಂಡ ದಿನವೇ ಅವರ ಪರವಾನಗಿ ನಿಮ್ಮನ್ನು ಕಾಯುವುದನ್ನು ನಿಲ್ಲಿಸಿತು. ಕಾಯ್ದೆಯ 21ನೇ ಕಲಮಿನ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಪರವಾನಗಿ ಕೇಳಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ತೋಟದ ಮನೆಯಲ್ಲಿ ಈಗಾಗಲೇ ಎರಡು ಕೋವಿ ನಿಮ್ಮ ಹೆಸರಿನಲ್ಲಿದ್ದರೆ ಇದು ಅಣ್ಣನ ಹೆಸರಿಗೋ ತಂಗಿಯ ಹೆಸರಿಗೋ ಹೋಗಬೇಕಾಗುತ್ತದೆ. ಹಿರಿಯರು ಬದುಕಿರುವ ಮನೆಗಳಿಗೆ ಒಂದು ಮಾತು: ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಬಂದೂಕನ್ನು ಅವರು 25 ವರ್ಷ ಇಟ್ಟುಕೊಂಡಿದ್ದರೆ, ಅವರಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅದನ್ನು ಈಗಲೇ ಮಾಡಿಕೊಳ್ಳಿ. ಕಪಾಟಿನಲ್ಲಿ ಮರೆತುಹೋದ ರಿವಾಲ್ವರಿನಿಂದಾಗಿ ಅಮಾಯಕರು ಆರೋಪಿಗಳಾಗಿ ನಿಲ್ಲುವುದನ್ನು ನೋಡುವುದು ನನಗೆ ಬಹಳ ನೋವಿನ ಸಂಗತಿ.

ಕಾಗದಪತ್ರ ಸರಿಯಾಯಿತು ಎನ್ನೋಣ. ಆಗಲೂ ಇದನ್ನು ಸೊಂಟದಲ್ಲಿಟ್ಟು ಓಡಾಡಲು ನಾನು ಒಪ್ಪುವುದಿಲ್ಲ. ಯಾವುದೇ ಹಳೆಯ ರಿವಾಲ್ವರನ್ನು ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಯನ್ನು ಇದರ ಮೇಲೆ ಮಾಡಿ ನೋಡಿ, ಕಾರಣ ನಿಮಗೇ ತಿಳಿಯುತ್ತದೆ. ಖಾಲಿ ಇರುವುದನ್ನು ಎರಡು ಸಲ ಖಚಿತಪಡಿಸಿಕೊಂಡು, ಟ್ರಿಗರನ್ನು ಪೂರ್ತಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಸಿಲಿಂಡರನ್ನು ಮೆಲ್ಲಗೆ ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಚಿಂತೆಯಿಲ್ಲ. ಕಟಕಟ ಎಂದರೆ ತೋಟಾ ನಳಿಕೆಯ ನೇರಕ್ಕೆ ಬರುತ್ತಿಲ್ಲ ಎಂದೇ ಅರ್ಥ. ಅಂಥ ರಿವಾಲ್ವರ್ ಹಾರಿಸಿದಾಗ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಬಳಿಕ ನಳಿಕೆ ಮತ್ತು ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲಿನ ಕೊಂಡಿಯ ಹತ್ತಿರ ಸಡಿಲವಿದೆಯೇ ನೋಡಿ. ಬಾಗಿ ತೆರೆಯುವ ರಿವಾಲ್ವರುಗಳು ಮೊದಲು ಸೋಲುವ ಜಾಗ ಅದು. ನಳಿಕೆಯೊಳಗೆ ಬೆಳಕು ಬಿಟ್ಟಾಗ ಉಂಗುರದಂತಹ ನೆರಳು ಕಂಡರೆ ಹಿಂದೊಮ್ಮೆ ಗುಂಡು ಒಳಗೇ ಸಿಕ್ಕಿ, ಅದರ ಬೆನ್ನಿಗೆ ಇನ್ನೊಂದು ಹಾರಿ, ಉಕ್ಕು ಉಬ್ಬಿದೆ. ಆಮೇಲೆ ಅದು ನೋಡಲು ಮಾತ್ರ.

ಹೊರಗೆ ಹ್ಯಾಮರ್ ಇರುವ ಹಳೆಯ ರಿವಾಲ್ವರುಗಳಲ್ಲಿ ಇನ್ನೊಂದು ಅಪಾಯವಿದೆ. ಕೆಳಗೆ ಬಿದ್ದರೆ ಹ್ಯಾಮರಿನ ಪೆಟ್ಟು ನೇರವಾಗಿ ತೋಟಾಕ್ಕೆ ತಾಗಬಹುದು. 1944ರಲ್ಲಿ ಕೈಜಾರಿ ಬಿದ್ದ ರಿವಾಲ್ವರಿನಿಂದ ಅಮೆರಿಕದ ನಾವಿಕನೊಬ್ಬ ಸತ್ತ ಮೇಲೆಯೇ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಹ್ಯಾಮರ್ ತಡೆಯನ್ನು, ಅಂದರೆ ಟ್ರಿಗರ್ ಎಳೆಯದ ಹೊರತು ಹ್ಯಾಮರ್ ತೋಟಾಕ್ಕೆ ತಾಗದಂತೆ ತಡೆಯುವ ಭಾಗವನ್ನು, ಹೊಸದಾಗಿ ರೂಪಿಸಿತು. ಅದಕ್ಕೂ ಹಿಂದಿನದನ್ನು ಒಯ್ಯಲೇಬೇಕಾದರೆ ಹ್ಯಾಮರಿನ ಕೆಳಗೆ ಬರುವ ಸಿಲಿಂಡರಿನ ಕೋಣೆ ಖಾಲಿ ಇರಲಿ.

ನಿಮ್ಮ ತಾತನವರ ರಿವಾಲ್ವರ್ ಚೆಂದದ ವಸ್ತು. ಎಣ್ಣೆ ಹಚ್ಚಿ, ಒಣ ಜಾಗದಲ್ಲಿ, ಚರ್ಮದ ಚೀಲದಿಂದ ಹೊರಗೆ ತೆಗೆದಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಜೊತೆಗೊಯ್ಯಲು ಬೇರೆಯದನ್ನು ನೋಡಿ.

ಬೇರೆಯದು ಎಂದರೆ ನಮ್ಮ ದೇಶದಲ್ಲಿ ಆಯ್ಕೆ ದೊಡ್ಡದಲ್ಲ. ಸೇನೆ, ಪೊಲೀಸರು ಬಳಸುವ ಅಳತೆಗಳು ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲವಾದ್ದರಿಂದ ಮಾತು .32ರ ಸುತ್ತಲೇ ನಿಲ್ಲುತ್ತದೆ. ಹಳೆಯ ಚೆಲುವು ಬೇಕೆನ್ನುವವರಿಗೆ ಬ್ರಿಟಿಷ್ ವೆಬ್ಲಿ ರಿವಾಲ್ವರಿನ ಧಾಟಿಯಲ್ಲೇ ಬಾಗಿ ತೆರೆಯುವ ಕಾನ್ಪುರದ .32 ರಿವಾಲ್ವರ್ ಇದೆ. 2014ರಲ್ಲಿ ಬಂದ 'ನಿರ್ಭೀಕ್' ಅದರ ಹಗುರ ರೂಪ, ಸುಮಾರು ಅರ್ಧ ಕಿಲೋ. 2023ರಲ್ಲಿ ಬಂದ 'ಪ್ರಬಲ್' ಸುಮಾರು 700 ಗ್ರಾಂ, ಅದರ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಹಗುರವಾದಷ್ಟೂ ಒಳ್ಳೆಯದು ಎಂದು ಎಲ್ಲರೂ ನಂಬಿದ್ದಾರೆ. ಒಯ್ಯುವವರೆಗೆ ಮಾತ್ರ ಅದು ನಿಜ. ಇಂಥ ರಿವಾಲ್ವರಿನ ಟ್ರಿಗರನ್ನು ಪೂರ್ತಿ ಎಳೆಯಲು ಅದರ ತೂಕದ ಎಷ್ಟೋ ಪಟ್ಟು ಬಲ ಬೇಕು. ರಿವಾಲ್ವರ್ ಹಗುರವಾದಷ್ಟೂ ಆ ಎಳೆತಕ್ಕೆ ನಳಿಕೆಯ ತುದಿ ಹೆಚ್ಚು ತೂಗಾಡುತ್ತದೆ, ಚಿಕ್ಕ ನಳಿಕೆಯ ಮೇಲೆ ಗುರಿ ಹಿಡಿಯುವ ಮುಂದಿನ, ಹಿಂದಿನ ಗುರುತುಗಳ ನಡುವಿನ ಅಂತರವೂ ಕಡಿಮೆ. ದೋಷ ತೋಟಾದ್ದಲ್ಲ. 25 ಮೀಟರಿನ ಅಂತರರಾಷ್ಟ್ರೀಯ ಗುರಿ ಸ್ಪರ್ಧೆಗಳಲ್ಲಿ ಇದೇ .32 ಲಾಂಗ್ ಬಳಸುತ್ತಾರೆ, ಆದರೆ ಭಾರವಾದ ಆಯುಧಗಳಲ್ಲಿ. ನನ್ನನ್ನು ಕೇಳಿದರೆ, ಸೊಂಟಪಟ್ಟಿಗೆ ತುಸು ಭಾರವಾದರೂ ಪ್ರಬಲ್ ಕಡೆಗೇ ವಾಲುತ್ತೇನೆ. ಅಂಗಡಿಯಲ್ಲಿ ಎರಡನ್ನೂ ಹಿಡಿದು, ಖಾಲಿ ಟ್ರಿಗರ್ ಹತ್ತು ಸಲ ಎಳೆದು ನೋಡಿ. ಹತ್ತನೆಯ ಸಲ ಬೆರಳು ನಡುಗಿದರೆ ಅದು ನಿಮ್ಮದಲ್ಲ.

ಹಣ ತರುವ ವಿಷಯಕ್ಕೆ ಬಂದರೆ, ಬ್ಯಾಂಕಿಗೆ ನೇರ ಜಮೆ ಮಾಡಿಸಿಕೊಳ್ಳುವುದು ಯಾವ ರಿವಾಲ್ವರಿಗಿಂತಲೂ ಸುರಕ್ಷಿತ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳ ವ್ಯಾನಿಟಿ ಬ್ಯಾಗಿನಲ್ಲಿಡಲು ನಿರ್ಭೀಕ್ ಕೊಡಿಸಬಹುದೇ?

ಪರವಾನಗಿ ನಿಮ್ಮದಾದರೆ ಅದನ್ನು ಮಗಳಿಗೆ ಕೊಡುವಂತಿಲ್ಲ. ಪರವಾನಗಿ ಅವರದೇ ಆದರೂ ಬೀಗದ ಕೈ, ಫೋನು, ಬಾಚಣಿಗೆಯ ನಡುವೆ ಸಡಿಲವಾಗಿ ಬಿದ್ದಿರುವ ರಿವಾಲ್ವರ್ ಬ್ಯಾಗ್ ಕಸಿಯುವವನ ಪಾಲಾಗುತ್ತದೆ. ಹೋಲ್‌ಸ್ಟರ್ ಬೇಕು, ನಿಯಮಿತ ಅಭ್ಯಾಸ ಬೇಕು. ಎರಡೂ ಆಗದಿದ್ದರೆ ಬೇಡ.

ಪ್ರಬಲ್ 50 ಮೀಟರ್ ಹೊಡೆಯುತ್ತದಂತೆ, ನಿಜವೇ?

ಗುಂಡು ಅಷ್ಟು ದೂರ ಹೋಗುತ್ತದೆ. ಅಷ್ಟು ದೂರದಲ್ಲಿರುವವನಿಂದ ನೀವು ಓಡಿಹೋಗಬಹುದು, ಹಾಗೆಯೇ ಮಾಡಬೇಕು.

ಅಮೆರಿಕದಲ್ಲಿರುವ ಭಾವನವರು ಹಳೆಯ ಕೋಲ್ಟ್ ರಿವಾಲ್ವರ್ ಕಳುಹಿಸುತ್ತೇನೆ ಎನ್ನುತ್ತಾರೆ. ಸಂಗ್ರಹಕ್ಕೆ ಮಾತ್ರ.

ಬೇಡವೆನ್ನಿ. ಸಂಗ್ರಹಕ್ಕೆಂಬ ಕಾರಣ ಕಸ್ಟಮ್ಸಿನವರ ಮುಂದೆ ನಡೆಯುವುದಿಲ್ಲ.

ಕೆಟ್ಟುಹೋದ ಹಳೆಯ ರಿವಾಲ್ವರಿಗೆ ಪರವಾನಗಿ ಬೇಕಿಲ್ಲ ಎನ್ನುತ್ತಾರಲ್ಲ?

ದುರಸ್ತಿ ಮಾಡಿದರೂ ಹಾರಿಸಲಾಗದಂಥ ಹಳೆಯ ಆಯುಧಕ್ಕೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಒಂದು ಸ್ಪ್ರಿಂಗ್ ಹಾಕಿದರೆ ಓಡುವಂಥದ್ದು ಅದರಲ್ಲಿ ಸೇರುವುದಿಲ್ಲ. ಸೇರುತ್ತದೋ ಇಲ್ಲವೋ ಎಂಬುದನ್ನು ನೀವಾಗಲಿ ನಿಮ್ಮ ಸ್ನೇಹಿತರಾಗಲಿ ತೀರ್ಮಾನಿಸದೆ ಜಿಲ್ಲಾಧಿಕಾರಿಗಳ ಅಥವಾ ಪೊಲೀಸ್ ಆಯುಕ್ತರ ಕಚೇರಿಯಿಂದ ಬರಹದಲ್ಲಿ ಪಡೆಯಿರಿ.

ಮಂಕಾದ ವೆಬ್ಲಿಗೆ ನಿಕ್ಕಲ್ ಪಾಲಿಶ್ ಮಾಡಿಸಬಹುದೇ?

ಮೂಲ ಬಣ್ಣ, ಅಚ್ಚೊತ್ತಿದ ಗುರುತುಗಳು, ಕ್ರಮಸಂಖ್ಯೆ ಇವೇ ಸಂಗ್ರಹಕಾರರು ಬೆಲೆ ಕೊಡುವ ಭಾಗಗಳು. ಪಾಲಿಶ್ ಚಕ್ರ ಅವನ್ನೇ ಮೊದಲು ತಿನ್ನುತ್ತದೆ, ಮತ್ತು ಕ್ರಮಸಂಖ್ಯೆ ಅಳಿದುಹೋದ ಬಂದೂಕು ಮನೆಯಲ್ಲಿದ್ದರೆ ನೀವು ಪೊಲೀಸರಿಗೆ ಉತ್ತರ ಹೇಳಬೇಕಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಬಂದೂಕಿನ ಎಣ್ಣೆ ಹಚ್ಚಿ ಒರೆಸಿದರೆ ಸಾಕು.